ದೇವರು ಕ್ಷಮಿಸಿದ ಅಂದಮೇಲೆ ನಮ್ಮಮ್ಮನ ಚೀಟಿ ದುಡ್ಡು ವಾಪಸ್ ಕೊಡಬೇಕಾ, ಬೇಡವಾ?

ಬೆಣ್ಣೆನಗರಿ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತ ಕುಟುಂಬ. ಕೆಲವು ತಿಂಗಳಿಂದ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ಮನೆಯಲ್ಲಿ ಕೇಳಿದರೆ ಜಗಳ, ಸಭೆಯಲ್ಲಿ ಕೇಳಿದರೆ ಬುದ್ಧಿಮಾತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಓಣಿಯಲ್ಲಿ ಒಬ್ಬರು ಚೀಟಿ ನಡೆಸುತ್ತಿದ್ದರು. ಅಮ್ಮ ಬ್ಲೌಸ್ ಹೊಲಿದು, ಫಾಲ್ ಹಾಕಿ, ಒಂದೊಂದೇ ನೋಟು ಸೇರಿಸಿ ಅದಕ್ಕೆ ಕಟ್ಟುತ್ತಿದ್ದಳು. ಒಟ್ಟು 1,80,000 ರೂಪಾಯಿ ಆಗಿತ್ತು. ಒಂದು ರಾತ್ರಿ ಆತ ಮನೆ ಖಾಲಿ ಮಾಡಿಕೊಂಡು ಹೋದ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಅಮ್ಮ ಓಣಿಯ ಇನ್ನೂ ನಾಲ್ಕು ಹೆಂಗಸರನ್ನು ಆ ಚೀಟಿಗೆ ಸೇರಿಸಿದ್ದಳು. ಅವರೆಲ್ಲ ಅಮ್ಮನ ಬಾಗಿಲಿಗೇ ಬಂದು ನಿಂತರು. "ನೀನೂ ಪಾಲು ತಿಂದಿದ್ದೀಯ" ಅಂದವರೂ ಇದ್ದರು. ಅಮ್ಮ ಸರ ಮಾರಿ ಇಬ್ಬರಿಗೆ ಕೊಟ್ಟಳು. ಉಳಿದ ಇಬ್ಬರು ಇವತ್ತಿಗೂ ನಲ್ಲಿ ಹತ್ತಿರ ಎದುರಾದರೆ ಮುಖ ತಿರುಗಿಸುತ್ತಾರೆ.

ಇದಾಗಿ 9 ವರ್ಷ. ಈಗ ಆತ ಊರಿಗೆ ವಾಪಸ್ ಬಂದಿದ್ದಾನೆ. ವಿಶ್ವಾಸಿಯಾಗಿದ್ದಾನೆ. ನಮ್ಮ ಸಭೆಗೇ ಬರುತ್ತಾನೆ. ಮೊನ್ನೆ ಒಂದು ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಿದ. ನಾನು ಮೋಸಗಾರನಾಗಿದ್ದೆ, ಎಷ್ಟೋ ಜನರ ದುಡ್ಡು ತಿಂದೆ, ಕುಡಿದು ಹಾಳಾದೆ, ಆದರೆ ಕರ್ತನು ನನ್ನ ಪಾಪಗಳನ್ನೆಲ್ಲ ಸಮುದ್ರದ ಆಳಕ್ಕೆ ಹಾಕಿದ್ದಾನೆ, ನನ್ನ ಸಾಲವನ್ನೆಲ್ಲ ಯೇಸು ಶಿಲುಬೆಯ ಮೇಲೆ ತೀರಿಸಿದ್ದಾನೆ ಅಂದ. ಎಲ್ಲರೂ ಹಲ್ಲೆಲೂಯಾ ಅಂದರು. ಕೆಲವರು ಅತ್ತರು. ನಾನು ಅಮ್ಮನ ಪಕ್ಕ ಕೂತಿದ್ದೆ. ಅಮ್ಮ ಬೈಬಲ್ ಕವರಿನ ಜಿಪ್ ತೆಗೆಯುತ್ತಿದ್ದಳು, ಹಾಕುತ್ತಿದ್ದಳು, ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ಪ್ರಾರ್ಥನೆ ಮುಗಿಯುವ ತನಕ ಅದೊಂದೇ. ಹೊರಗೆ ಬಂದಾಗ ಆತ "ಪ್ರೇಸ್ ದ ಲಾರ್ಡ್ ಅಕ್ಕಾ" ಅಂತ ಕೈ ಮುಗಿದು ಬೈಕ್ ಹತ್ತಿ ಹೋದ. ಅಷ್ಟೇ.

ನನ್ನ ಪ್ರಶ್ನೆ ಇಷ್ಟು. ಯೇಸು ಅವನ ಸಾಲ ತೀರಿಸಿದ ಅಂದರೆ ನಮ್ಮಮ್ಮನ ಸಾಲವೂ ತೀರಿತಾ? ದೇವರು ಕ್ಷಮಿಸಿದ ಮೇಲೆ ಮನುಷ್ಯರಿಗೆ ಏನೂ ಕೊಡಬೇಕಾಗಿಲ್ಲ ಅಂತ ನಿಜವಾಗಿಯೂ ನಮ್ಮ ಧರ್ಮ ಹೇಳುತ್ತದಾ? ಸಿಟ್ಟಿನಿಂದ ಕೇಳುತ್ತಿಲ್ಲ. ನನಗೆ ಗೊತ್ತಾಗಬೇಕು.

ಹೊಳೆದಂಡೆ ಮೇಷ್ಟ್ರು:

ತಂಗೀ, ಆ ಜಿಪ್ ವಿಷಯ ಓದಿ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ.

ನಾನು ಹರಿಹರದವನು, ಕಥೋಲಿಕ. ಆರೋಗ್ಯ ಮಾತೆಯ ದೇವಾಲಯ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ನಮ್ಮಲ್ಲಿ ಪಾಪನಿವೇದನೆ ಇದೆ, ನಿಮಗೆ ಗೊತ್ತಿರುತ್ತದೆ. ಹೊರಗಿನವರು ತಪ್ಪು ತಿಳಿಯುವುದು ಇಲ್ಲೇ. ಗುರುಗಳ ಹತ್ತಿರ ಹೇಳಿಬಿಟ್ಟರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಮನಸ್ಸು ಮುರಿಯಬೇಕು, ಬಾಯಿಬಿಟ್ಟು ಹೇಳಬೇಕು, ಆಮೇಲೆ ಪರಿಹಾರ ಮಾಡಬೇಕು. ಮೂರೂ ಬೇಕು. 1992ರ ಕಥೋಲಿಕ ಧರ್ಮೋಪದೇಶದಲ್ಲಿ 1459ನೇ ಸಂಖ್ಯೆಯಲ್ಲಿ ಇದು ಬಿಡಿಸಿ ಹೇಳಿದೆ. ಕ್ಷಮಾಪಣೆ ಪಾಪವನ್ನು ತೆಗೆಯುತ್ತದೆ, ಆದರೆ ಪಾಪದಿಂದ ಆದ ಹಾನಿಯನ್ನೆಲ್ಲ ಸರಿಮಾಡುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಟ್ಟ ಹೆಸರು ಬರಿಸಿದ್ದರೆ ಹೆಸರನ್ನು ಸರಿಪಡಿಸಬೇಕು, ಪೆಟ್ಟಾಗಿದ್ದರೆ ಪರಿಹಾರ ಕೊಡಬೇಕು. ಹೆಸರಿನ ವಿಷಯ ಗಮನಿಸು ತಂಗಿ. ನಿನ್ನ ಅಮ್ಮನಿಗೆ ಹೋದದ್ದು ಬರೀ ದುಡ್ಡಲ್ಲ.

ಇದು ಹೊಸ ಮಾತೂ ಅಲ್ಲ. ಸಂತ ಅಗಸ್ಟೀನ್ ತನ್ನ 153ನೇ ಪತ್ರದಲ್ಲಿ ಇದನ್ನೇ ಬರೆದಿದ್ದಾನೆ. ವಾಪಸ್ ಕೊಡುವ ಶಕ್ತಿ ಇದ್ದೂ ಕೊಡದವನ ಪಶ್ಚಾತ್ತಾಪ ಬರೀ ನಟನೆ, ತೆಗೆದುಕೊಂಡದ್ದನ್ನು ಹಿಂದಿರುಗಿಸದೆ ಪಾಪ ಕ್ಷಮೆಯಾಗುವುದಿಲ್ಲ ಅಂತ. 1,600 ವರ್ಷದ ಹಿಂದಿನ ಮಾತು.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಮೇಷ್ಟ್ರ ಕೆಲಸ ಸಿಗುವ ಮೊದಲು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿದ್ದೆ. ಬಟ್ಟೆಯನ್ನು ಸಡಿಲ ಬಿಟ್ಟು ಅಳೆದರೆ ಗಿರಾಕಿಗೆ ಪೂರ್ತಿ ಸಿಗುತ್ತದೆ. ಕಬ್ಬಿಣದ ಅಳತೆ ಕೋಲಿನ ತುದಿಗೆ ಹೆಬ್ಬೆರಳಿಟ್ಟು ಸ್ವಲ್ಪ ಎಳೆದು ಹಿಡಿದರೆ ಮೀಟರಿಗೆ ಎರಡು ಬೆರಳು ಉಳಿಯುತ್ತದೆ. ಹತ್ತು ಮೀಟರ್ ಕತ್ತರಿಸಿದರೆ ಒಂದು ಗೇಣಿಗಿಂತ ಜಾಸ್ತಿ. ನಾನು ಎರಡು ವರ್ಷ ಹಾಗೆ ಅಳೆದೆ. ಒಂದು ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ಪಾಪನಿವೇದನೆಗೆ ಹೋಗಿ ಹೇಳಿದೆ. ಫಾದರ್ ಸ್ವಲ್ಪ ಹೊತ್ತು ಸುಮ್ಮನಿದ್ದು "ಯಾರ ಬಟ್ಟೆ?" ಅಂತ ಕೇಳಿದರು. ಅಷ್ಟು ಜನರಲ್ಲಿ ಯಾರು ಅಂತ ಹೇಳುವುದು! "ಒಬ್ಬರಾದರೂ ನೆನಪಿಲ್ಲವಾ?" ಅಂದರು. ಒಬ್ಬರು ನೆನಪಿದ್ದರು. ಪ್ರತಿ ಜೂನ್‌ನಲ್ಲಿ ಮೂರು ಮಕ್ಕಳ ಯೂನಿಫಾರಂಗೆ ಖಾಕಿ ಬಟ್ಟೆ ತೆಗೆದುಕೊಳ್ಳಲು ಬರುವ ಹರಪನಹಳ್ಳಿ ಕಡೆಯ ತಾಯಿ. "ಮೊದಲು ಅವರ ಹತ್ತಿರ ಹೋಗು. ಗೊತ್ತಿಲ್ಲದವರ ಪಾಲನ್ನು ಬಡವರಿಗೆ ಕೊಡು" ಅಂದರು. ಒಂದು ಪ್ಯಾಂಟಿನ ಬಟ್ಟೆ ಕೊಂಡು ಬಸ್ ಹತ್ತಿ ಹೋದೆ. ಆಕೆ ಬಾಗಿಲಲ್ಲೇ ನಿಲ್ಲಿಸಿ ಬೈದರು. ನನ್ನ ಚಿಕ್ಕ ಮಗನ ಚಡ್ಡಿ ಯಾವಾಗಲೂ ಗಿಡ್ಡ ಆಗುತ್ತಿತ್ತು, ಟೈಲರ್ ಮೇಲೆ ಜಗಳ ಮಾಡುತ್ತಿದ್ದೆ ಅಂದರು. ಆಮೇಲೆ ಬಟ್ಟೆ ತೆಗೆದುಕೊಂಡರು.

ಟೈಲರ್ ಬೈಸಿಕೊಂಡದ್ದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ವಾಪಸ್ ಹೋಗದಿದ್ದರೆ ನಾವು ಮಾಡಿದ ಪಾಪ ಏನು ಅಂತ ನಮಗೇ ಪೂರ್ತಿ ತಿಳಿಯುವುದಿಲ್ಲ ತಂಗಿ.

ಕೋಟೆ ಕೆಳಗಿನವನು:

ಮೇಷ್ಟ್ರ ಅನುಭವಕ್ಕೆ ಕೈ ಮುಗಿಯುತ್ತೇನೆ. ಆದರೆ ಒಂದು ಕಡೆ ನಾನು ಒಪ್ಪುವುದಿಲ್ಲ. ನಾನು ಚಿತ್ರದುರ್ಗದವನು, ಪ್ರೊಟೆಸ್ಟೆಂಟ್. ಕೊಟ್ಟರೆ ಮಾತ್ರ ಕ್ಷಮೆ ಅಂತ ಹೇಳಿದರೆ ಕ್ಷಮೆಗೆ ಬೆಲೆ ಕಟ್ಟಿದ ಹಾಗಾಗುತ್ತದೆ. 1517ರಲ್ಲಿ ನಮ್ಮ ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಎದ್ದು ನಿಂತದ್ದೇ ಇದಕ್ಕೆ. ದುಡ್ಡು ಕೊಟ್ಟು ಕ್ಷಮಾಪತ್ರ ತೆಗೆದುಕೊಂಡು ಜನ ನಿಶ್ಚಿಂತರಾಗುತ್ತಿದ್ದರು. ಆದರೆ ಅದೇ ಲೂಥರನ 95 ವಾಕ್ಯಗಳಲ್ಲಿ ಮೊದಲನೆಯದು ಏನು ಗೊತ್ತಾ? ವಿಶ್ವಾಸಿಯ ಇಡೀ ಜೀವನವೇ ಪಶ್ಚಾತ್ತಾಪವಾಗಿರಬೇಕು ಅಂತ. ಒಂದು ಭಾನುವಾರದ ಸಾಕ್ಷಿ ಅಲ್ಲ.

ಜಕ್ಕಾಯನ ಕಥೆ ನೋಡಿ, ಲೂಕ 19. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ಯೇಸು ಮೊದಲು "ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು" ಅನ್ನುತ್ತಾನೆ. ಮೊದಲು ದುಡ್ಡು ಕೊಡು, ಆಮೇಲೆ ಬರುತ್ತೇನೆ ಅನ್ನಲಿಲ್ಲ. ಕೃಪೆ ಮೊದಲು ಬಂತು. ಬಂದ ಕೂಡಲೇ ಜಕ್ಕಾಯ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಆಮೇಲೆ "ಇಂದು ಈ ಮನೆಗೆ ರಕ್ಷಣೆಯಾಯಿತು" ಅನ್ನುವ ಮಾತು ಬಂತು. ದುಡ್ಡು ಕೊಟ್ಟು ಕ್ಷಮೆ ಕೊಂಡದ್ದಲ್ಲ. ಆದರೆ ಕ್ಷಮೆ ಒಳಗೆ ಬಂದಿದೆ ಅಂತ ಗೊತ್ತಾದದ್ದು ಕೈ ಜೇಬಿಗೆ ಹೋದಾಗ.

ಈಗ "ಯೇಸು ಸಾಲ ತೀರಿಸಿದ" ಅನ್ನುವ ಮಾತಿಗೆ ಬರುತ್ತೇನೆ, ಎಡವುವುದು ಇಲ್ಲೇ. ಶಿಲುಬೆಯನ್ನು ಸಾಲದ ಭಾಷೆಯಲ್ಲಿ ಬಿಡಿಸಿ ಹೇಳಿದವರಲ್ಲಿ ದೊಡ್ಡ ಹೆಸರು ಆನ್ಸೆಲ್ಮ್ ಅನ್ನುವ ಕ್ರೈಸ್ತ ಪಂಡಿತನದು. 1098ರಲ್ಲಿ ಆತ ಮುಗಿಸಿದ ಪುಸ್ತಕದ ಪ್ರಶ್ನೆಯೇ ದೇವರು ಯಾಕೆ ಮನುಷ್ಯನಾದ ಅಂತ. ಪಾಪ ಅಂದರೆ ದೇವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸದೆ ಇರುವುದು, ಆ ಸಾಲ ತೀರಿಸುವ ಶಕ್ತಿ ಮನುಷ್ಯನಿಗಿಲ್ಲ, ಅದಕ್ಕೆ ದೇವರೇ ಮನುಷ್ಯನಾಗಿ ಬಂದ. ಇದು ದೇವರಿಗೂ ನಮಗೂ ನಡುವಿನ ಲೆಕ್ಕ. ಅದರಲ್ಲಿ ನಿಮ್ಮಮ್ಮನ 1,80,000 ಸೇರಿ ಅಳಿಸಿಹೋಯಿತು ಅಂತ ಆನ್ಸೆಲ್ಮ್ ಎಲ್ಲೂ ಹೇಳಲಿಲ್ಲ. ಬದಲಿಗೆ ಅದೇ ಪುಸ್ತಕದಲ್ಲಿ, ತೆಗೆದುಕೊಂಡದ್ದನ್ನು ಅಷ್ಟೇ ವಾಪಸ್ ಕೊಟ್ಟರೆ ಸಾಲದು ಅನ್ನುತ್ತಾನೆ. ಒಬ್ಬನ ಆರೋಗ್ಯ ಕೆಡಿಸಿದವನು ಆರೋಗ್ಯ ಮರಳಿಸಿದರೆ ಮುಗಿಯಲಿಲ್ಲ, ಅವನು ಪಟ್ಟ ನೋವಿಗೂ ಏನಾದರೂ ಕೊಡಬೇಕು. ಮಾನ ಕಳೆದವನು ಮಾನಕ್ಕೆ ತಕ್ಕದ್ದನ್ನು ಕೊಡಬೇಕು. ಆ ಮಾತು ಓದಿದಾಗ ನನಗೆ ನಿಮ್ಮ ನಲ್ಲಿ ಹತ್ತಿರದ ಹೆಂಗಸರು ನೆನಪಾಗುತ್ತಾರೆ ನೋಡಿ.

ಒಬ್ಬರ ಸಾಲ ಇನ್ನೊಬ್ಬರು ಹೊರುವುದು ಹೇಗಿರುತ್ತದೆ ಅಂತ ನೋಡಬೇಕಾದರೆ ಬೈಬಲಿನಲ್ಲಿ ಫಿಲೆಮೋನನಿಗೆ ಅಪೊಸ್ತಲ ಪೌಲ ಬರೆದ ಪತ್ರ ಓದಿ. 25 ವಚನ, ಐದು ನಿಮಿಷ ಸಾಕು. ಓನೇಸಿಮ ಅನ್ನುವ ದಾಸ ಯಜಮಾನನಿಂದ ದೂರವಾಗಿ ಪೌಲನ ಹತ್ತಿರ ಬಂದು ವಿಶ್ವಾಸಿಯಾಗುತ್ತಾನೆ. ಪೌಲ ಅವನನ್ನು ವಾಪಸ್ ಕಳಿಸುತ್ತಾ ಯಜಮಾನನಿಗೆ ಬರೆಯುತ್ತಾನೆ. ಇವನು ನಿನಗೆ ಏನಾದರೂ ನಷ್ಟ ಮಾಡಿದ್ದರೆ, ಸಾಲ ಇದ್ದರೆ, ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ, ಇದನ್ನು ನನ್ನ ಕೈಯಾರೆ ಬರೆದಿದ್ದೇನೆ ಅಂತ. ಸಾಲ ಇಲ್ಲ ಅನ್ನಲಿಲ್ಲ. ಹಳೆಯದು ಮರೆತುಬಿಡು ಅನ್ನಲಿಲ್ಲ. ತನ್ನ ಕೈಬರಹದಲ್ಲಿ ಬರೆದುಕೊಟ್ಟ. ನಿಮ್ಮ ಸಭೆಯವರಿಗೆ ಆತನ ಮೇಲೆ ಅಷ್ಟು ಪ್ರೀತಿ ಇದ್ದರೆ ಆತನ ಪರವಾಗಿ ಸ್ವಲ್ಪ ಸ್ವಲ್ಪ ಹಾಕಿ ನಿಮ್ಮಮ್ಮನಿಗೆ ಕೊಡಬಹುದಲ್ಲ. ಅದು ಶಿಲುಬೆಗೆ ತಕ್ಕ ಕೆಲಸ. "ಬಿಟ್ಟುಬಿಡಮ್ಮ" ಅನ್ನುವುದು ಅಲ್ಲ.

ಜಗಳೂರು ಕಡೆಯವ:

ನಾನು ಮಾತಾಡಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಆ ಚೀಟಿಯವನ ಜಾಗದಲ್ಲಿ ಇದ್ದವನು. ಚೀಟಿ ಅಲ್ಲ, ಗೆಳೆಯನಿಗೆ ಸುಳ್ಳು ಹೇಳಿ ಬೋರ್‌ವೆಲ್‌ಗೆ ಅಂತ ದುಡ್ಡು ತೆಗೆದುಕೊಂಡು ಬೇರೆ ಕಡೆ ಕಳೆದೆ.

ನಿಜ ಹೇಳುತ್ತೇನೆ. ದೇವರ ಮುಂದೆ ಅಳುವುದು ಸುಲಭ. ಮೊಣಕಾಲೂರಿ ರಾತ್ರಿಯೆಲ್ಲ ಅಳಬಹುದು. ಗೆಳೆಯನ ಮನೆಯ ಗೇಟು ತೆಗೆಯುವುದು ಇದೆಯಲ್ಲ, ಅದಾಗುವುದಿಲ್ಲ. ಮೂರು ಸಲ ಅವನ ಊರಿನ ತನಕ ಹೋಗಿ ಬಸ್ ಸ್ಟ್ಯಾಂಡಲ್ಲಿ ಟೀ ಕುಡಿದು ವಾಪಸ್ ಬಂದಿದ್ದೇನೆ. ಕೈಯಲ್ಲಿ ಪೂರ್ತಿ ದುಡ್ಡು ಇಲ್ಲ, ಬರಿಗೈಯಲ್ಲಿ ಹೇಗೆ ಹೋಗುವುದು ಅಂತ. ಅದು ನೆಪ ಅಂತ ಈಗ ಅನಿಸುತ್ತದೆ. ನಾಲ್ಕನೇ ಸಲ 500 ರೂಪಾಯಿ ಇಟ್ಟುಕೊಂಡು ಹೋದೆ. ಅವನು ನೋಟು ನೋಡಿದ, ನನ್ನ ಮುಖ ನೋಡಿದ, ಒಳಗೆ ಹೋಗಿ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಾರೀಕು ಬರೆದು 500 ಅಂತ ಹಾಕಿದ. ಮಾತಾಡಲಿಲ್ಲ. ತಿಂಗಳ ಮೊದಲ ವಾರ ಹೋಗುತ್ತೇನೆ. ಮೆಕ್ಕೆಜೋಳ ಕೈಗೆ ಬಂದಾಗ ಜಾಸ್ತಿ ಕೊಡುತ್ತೇನೆ. ಏಳನೇ ತಿಂಗಳು ಟೀ ಕೊಟ್ಟ. ಗೆಳೆತನ ಮೊದಲಿನ ಹಾಗೆ ಆಗಿಲ್ಲ, ಆಗುತ್ತದೆ ಅಂತ ನಾನು ಕೇಳುವುದೂ ಇಲ್ಲ.

ಆ ಮನುಷ್ಯ ಪೂರ್ತಿ ಕೆಟ್ಟವನು ಅಂತ ನನಗೆ ಅನಿಸುವುದಿಲ್ಲ. ಹೆದರಿದ್ದಾನೆ. ನೂರು ಜನರ ಮುಂದೆ "ಎಷ್ಟೋ ಜನರ ದುಡ್ಡು ತಿಂದೆ" ಅನ್ನಬಹುದು. ನಿಮ್ಮಮ್ಮ ಒಬ್ಬರ ಮುಂದೆ "ನಿಮ್ಮ 1,80,000 ತಿಂದೆ" ಅನ್ನಲು ಬಾಯಿ ಬರುವುದಿಲ್ಲ. ಯಾರಾದರೂ ಅವನನ್ನು ಆ ಗೇಟಿನ ತನಕ ಕರೆದುಕೊಂಡು ಹೋಗಬೇಕು.

ಸಿರಿಗೆರೆ ದಾರಿಯವನು:

ನಾನು ಕ್ರೈಸ್ತನಲ್ಲ, ಆದರೂ ಒಂದು ಮಾತು. ನಮ್ಮ ಕಡೆ ಸಿರಿಗೆರೆಯ ತರಳಬಾಳು ಮಠದ ನ್ಯಾಯಪೀಠಕ್ಕೆ ಜನ ಹೊಲದ ಜಗಳ, ಅಣ್ಣತಮ್ಮಂದಿರ ಪಾಲು, ಸಾಲ ಎಲ್ಲ ತೆಗೆದುಕೊಂಡು ಹೋಗುತ್ತಾರೆ. ಇಬ್ಬರನ್ನೂ ಎದುರೆದುರು ಕೂರಿಸಿ ಮಾತಾಡಿಸುತ್ತಾರೆ. ಒಬ್ಬನ ಮಾತು ಮಾತ್ರ ಕೇಳಿ ಚಪ್ಪಾಳೆ ಹೊಡೆಯುವುದಿಲ್ಲ. ಹಳ್ಳಿಗಳಲ್ಲಿ ತಪ್ಪು ಕಾಣಿಕೆ ಅಂತಲೂ ಇದೆ, ಮಾರಮ್ಮನ ಮುಂದೆ ಇಡುತ್ತಾರೆ. ನಮ್ಮಜ್ಜಿ ಹೇಳುತ್ತಿದ್ದಳು, "ಅಮ್ಮಗೆ ಇಡೋದು ಅಮ್ಮಗೆ, ನೆರೆಮನ್ಯಾಕೆ ಕೊಡೋದು ನೆರೆಮನ್ಯಾಕೆ, ಒಂದರಾಗ ಒಂದು ಕಲಸಬ್ಯಾಡ್ರೋ" ಅಂತ. ನಿಮ್ಮ ಶಾಸ್ತ್ರದಲ್ಲಿ ಇದು ಹೇಗಿದೆ ಅಂತ ತಿಳಿಯುವ ಆಸೆ.

ಹೊಳೆದಂಡೆ ಮೇಷ್ಟ್ರು:

ನಿಮ್ಮಜ್ಜಿಯ ಮಾತು ಹಾಗೇ ಬೈಬಲಿನ ಯಾಜಕಕಾಂಡದ 6ನೇ ಅಧ್ಯಾಯದ ಮೊದಲಲ್ಲೇ ಇದೆ! ನೆರೆಯವನು ನಂಬಿ ಇಟ್ಟ ವಸ್ತುವಿನಲ್ಲಿ ಮೋಸ ಮಾಡಿದವನು ಪೂರ್ತಿ ಅಸಲು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಿ ಅದರ ಒಡೆಯನಿಗೆ ಕೊಡಬೇಕು. ಅದರ ಜೊತೆಗೆ ದೇವರಿಗೆ ಟಗರು ತರಬೇಕು. ಎರಡೂ ಬೇರೆ ಬೇರೆ. ಟಗರು ತಂದೆ, ಅದಕ್ಕೇ ಅಸಲು ಕೊಡಲ್ಲ ಅನ್ನುವ ಹಾಗಿಲ್ಲ. ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲೂ ಇದೆ, ಮನುಷ್ಯನಿಗೂ ಮನುಷ್ಯನಿಗೂ ನಡುವಿನ ತಪ್ಪನ್ನು ದೋಷಪರಿಹಾರದ ದಿನ ಕೂಡ ಪರಿಹರಿಸುವುದಿಲ್ಲ, ಆ ಮನುಷ್ಯನನ್ನು ಸಮಾಧಾನ ಮಾಡುವ ತನಕ. ಯೇಸು ಬೆಟ್ಟದ ಮೇಲೆ ಹೇಳಿದ್ದೂ ಅದೇ ಜಾಡು. ಕಾಣಿಕೆಯನ್ನು ಯಜ್ಞವೇದಿ ಮುಂದೆ ಅಲ್ಲೇ ಬಿಟ್ಟು ಹೋಗು, ಮೊದಲು ನಿನ್ನ ಸಹೋದರನ ಜೊತೆ ಒಂದಾಗು, ಆಮೇಲೆ ಬಾ.

ಕೋಟೆಯವರೇ, ನೀವು ಹೇಳಿದ ಕ್ರಮ ನನಗೆ ಒಪ್ಪಿಗೆ. ಕ್ಷಮೆಯನ್ನು ಕೊಳ್ಳುವುದಕ್ಕೆ ಆಗುವುದಿಲ್ಲ. ನನಗೂ ಫಾದರ್ ಕ್ಷಮೆ ಮಾರಲಿಲ್ಲ, ದಾರಿ ತೋರಿಸಿದರು.

ಬೆಣ್ಣೆನಗರಿ ಹುಡುಗಿ:

ಎಲ್ಲರ ಮಾತನ್ನೂ ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಜಗಳೂರು ಕಡೆಯವರದ್ದು ಎರಡು ಸಲ ಓದಿಸಿದಳು.

ಆದರೆ ಇನ್ನೊಂದು ಮುಳ್ಳು ಇದೆ. ಹಿರಿಯರೊಬ್ಬರು ಅಮ್ಮನಿಗೆ "ನೀನು ಕ್ಷಮಿಸದಿದ್ದರೆ ದೇವರು ನಿನ್ನನ್ನೂ ಕ್ಷಮಿಸಲ್ಲ, ಮತ್ತಾಯ 6 ಓದು" ಅಂದಿದ್ದಾರೆ. ಅವತ್ತಿನಿಂದ ಅಮ್ಮ ಪ್ರಭುಭೋಜನ, ಅಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ಕೊಡುವ ರೊಟ್ಟಿ ಮತ್ತು ದ್ರಾಕ್ಷಾರಸ, ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದಾಳೆ. ದುಡ್ಡು ತಿಂದವನು ತೆಗೆದುಕೊಳ್ಳುತ್ತಾನೆ, ಕಳೆದುಕೊಂಡವಳು ಬಿಟ್ಟು ಕೂರುತ್ತಾಳೆ. ನನಗೆ ಇದನ್ನೇ ತಡೆಯಲಾಗುತ್ತಿಲ್ಲ.

ಹಳೇ ಟೀಚರಮ್ಮ:

ಮಗಳೇ, ನಿನ್ನ ಅಮ್ಮನನ್ನು ಮುಂದಿನ ಪ್ರಭುಭೋಜನಕ್ಕೆ ಕೈ ಹಿಡಿದು ಕರೆದುಕೊಂಡು ಹೋಗು. ಇದು ಮೊದಲ ಮಾತು.

ಮತ್ತಾಯ 6 ನಿಜ, ಕ್ಷಮಿಸಬೇಕು ಅನ್ನುವುದೂ ನಿಜ. ಅದನ್ನು ಯಾರೂ ತೆಳುಮಾಡಬಾರದು. ಕರ್ತನ ಪ್ರಾರ್ಥನೆಯಲ್ಲಿ "ತಪ್ಪು" ಅಂತ ನಾವು ಹೇಳುವ ಕಡೆ ಮತ್ತಾಯನ ಗ್ರೀಕ್ ಮಾತು "ಸಾಲ" ಅಂತಲೇ ಇದೆ. ಅಂದರೆ ಕ್ಷಮಿಸುವವಳಿಗೆ ಸಾಲ ಇದೆ ಅಂತ ಮೊದಲು ಒಪ್ಪಬೇಕು ಅಲ್ವಾ? ಸಾಲವೇ ಇಲ್ಲ ಅನ್ನುವ ಹಾಗೆ ನಡೆದುಕೊಂಡರೆ ಆಕೆ ಏನನ್ನು ಕ್ಷಮಿಸಬೇಕು? ಬಿಟ್ಟುಕೊಡುವ ಹಕ್ಕು ನಿನ್ನ ಅಮ್ಮನದು. ಸಭೆ ಆಕೆಯ ಪರವಾಗಿ ಚಪ್ಪಾಳೆ ಹೊಡೆದು ಬಿಟ್ಟುಕೊಡುವ ಹಾಗಿಲ್ಲ.

ಲೂಕ 17ರಲ್ಲಿ ಯೇಸು ಹೇಳಿದ್ದನ್ನು ಹಿರಿಯರಿಗೆ ತೋರಿಸು. ಸಹೋದರ ತಪ್ಪು ಮಾಡಿದರೆ ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು. ಗದರಿಸುವುದೂ ಆಜ್ಞೆಯೇ. ಮತ್ತಾಯ 18ರಲ್ಲಿ ದಾರಿಯೂ ಇದೆ. ಮೊದಲು ಅವನೊಬ್ಬನೇ ಇರುವಾಗ ಹೋಗಿ ತಪ್ಪನ್ನು ತಿಳಿಸು. ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಇದೇ ಅಧ್ಯಾಯದಲ್ಲಿ ಮುಂದೆ ಹತ್ತು ಸಾವಿರ ತಲಾಂತಿನ, ಅಂದರೆ ತೀರಿಸಲಾಗದಷ್ಟು ದೊಡ್ಡ ಸಾಲ ಮನ್ನಾ ಆದವನು ಬರೀ ನೂರು ಹಣದ ಸಾಲಗಾರನ ಕುತ್ತಿಗೆ ಹಿಡಿಯುವ ಕಥೆ ಬರುತ್ತದೆ. ಅದನ್ನು ನಿನ್ನ ಅಮ್ಮನಂಥವರ ಮೇಲೆ ಕಲ್ಲಿನ ಹಾಗೆ ಎಸೆಯುವುದನ್ನು ನಾನು ತುಂಬ ನೋಡಿದ್ದೇನೆ. ಆ ಕಥೆಯಲ್ಲಿ ರಾಜನಿಂದ ಅಷ್ಟು ದೊಡ್ಡ ಕರುಣೆ ಪಡೆದೂ ಜೊತೆಯವನ ನೋವನ್ನು ನೋಡದೆ ಹೋದವನು ಯಾರು ಅಂತ ಕೇಳಿಕೊಂಡರೆ, ನಿಮ್ಮ ಸಭೆಯಲ್ಲಿ ಮೊದಲು ಯಾರು ನೆನಪಾಗುತ್ತಾರೆ ಹೇಳು. ಅವನಿಗೂ ಪ್ರೀತಿಯಿಂದಲೇ ಹೇಳಬೇಕು. ಆದರೆ ಹೇಳಬೇಕು.

ನನ್ನ ಗಂಡನ ಕಡೆಯ ಒಬ್ಬರನ್ನು ಕ್ಷಮಿಸಲು ನನಗೆ 14 ವರ್ಷ ಬೇಕಾಯಿತು. ಅಷ್ಟು ವರ್ಷವೂ ನಾನು ಪ್ರಭುಭೋಜನ ತೆಗೆದುಕೊಂಡೆ. ಕ್ಷಮಿಸಲು ಬಲ ಕೊಡು ಅಂತ ಕೇಳುವುದಕ್ಕೇ ತೆಗೆದುಕೊಂಡೆ.

ಬೆಣ್ಣೆನಗರಿ ಹುಡುಗಿ:

ಟೀಚರಮ್ಮ, ಅಮ್ಮ ನಿಮ್ಮ ಕೊನೆಯ ಸಾಲು ಕೇಳಿ ಅತ್ತಳು. ಬಹಳ ದಿನದ ಮೇಲೆ.

ಶನಿವಾರ ಸಂಜೆ ಆತನ ಮನೆಗೆ ಹೋಗುತ್ತೇವೆ. ಮೊದಲು ಅಮ್ಮ ಒಬ್ಬಳೇ ಮಾತಾಡುತ್ತಾಳಂತೆ. ನಾನು ಹೊರಗೆ ಸ್ಕೂಟಿ ಹತ್ತಿರ ಇರುತ್ತೇನೆ. ಐದನೇ ಒಂದು ಪಾಲಿನ ಲೆಕ್ಕ ಹಾಕಿ ಹೇಳಿದೆ, 1,80,000ಕ್ಕೆ 36,000 ಸೇರಿ 2,16,000 ಆಗುತ್ತದೆ ಅಂತ. ಅಮ್ಮ "ಬಡ್ಡಿ ಬ್ಯಾಡ" ಅಂದಳು. ಒಂದೇ ಒಂದು ಕೇಳುತ್ತಾಳಂತೆ. ಮುಖ ತಿರುಗಿಸುವ ಆ ಇಬ್ಬರ ಮನೆಗೆ ಆತ ತನ್ನ ಜೊತೆ ಬಂದು, ಇವರು ಒಂದು ಪೈಸೆ ಮುಟ್ಟಿಲ್ಲ ಅಂತ ಬಾಗಿಲಲ್ಲಿ ನಿಂತು ಹೇಳಬೇಕು. ಅಸಲು ತಿಂಗಳು ತಿಂಗಳು ಎಷ್ಟಾಗುತ್ತದೋ ಅಷ್ಟು ಕೊಡಲಿ ಅಂದಳು.

ಈಗ ಟ್ರಂಕ್ ಕೆಳಗಿಳಿಸಿಕೊಂಡು ಹಳೆಯ ಚೀಟಿ ಪುಸ್ತಕ ಹುಡುಕುತ್ತಿದ್ದಾಳೆ.